ಹೊರದೇಶದ ಕೆಲಸಕ್ಕೆ ಯಾವ ಫ್ರೇಮ್ ರೇಟ್?

ಅಮೆರಿಕದ ಸಾಫ್ಟ್‌ವೇರ್ ಕಂಪನಿಯೊಂದರ ಪ್ರಚಾರಚಿತ್ರ, ಬ್ರಿಟನ್ನಿನ ಟಿವಿ ವಾಹಿನಿಯ ಸಾಕ್ಷ್ಯಚಿತ್ರಕ್ಕೆ ಬೇಕಾದ ಕೆಲವು ದೃಶ್ಯಗಳು, ದುಬೈಯಲ್ಲಿ ನೆಲೆಸಿರುವ ಕರಾವಳಿಯ ಕುಟುಂಬದ ಮದುವೆ. ಬೆಂಗಳೂರಿನದೋ ಮಂಗಳೂರಿನದೋ ಒಂದು ಸಣ್ಣ ಚಿತ್ರೀಕರಣ ತಂಡಕ್ಕೆ ಇಂದು ಈ ಮೂರೂ ಕೆಲಸ ಒಂದೇ ತಿಂಗಳಲ್ಲಿ ಬರಬಹುದು. ಮೂರಕ್ಕೂ ಕ್ಯಾಮೆರಾ ಒಂದೇ, ಲೆನ್ಸ್ ಒಂದೇ, ದುಡಿಯುವ ಕೈಗಳೂ ಅವೇ. ಆದರೆ ರೆಕಾರ್ಡ್ ಗುಂಡಿ ಒತ್ತುವ ಮೊದಲು ಸೆಕೆಂಡಿಗೆ ಎಷ್ಟು ಫ್ರೇಮ್ ಎಂದು ಕ್ಯಾಮೆರಾ ಕೇಳುತ್ತದೆ: 24, 25, 30, 50, 60. ಈ ಪ್ರಶ್ನೆಗೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳು ಚಾಲ್ತಿಯಲ್ಲಿವೆ. ನಮ್ಮದು ಪಾಲ್ ದೇಶ, ಆದ್ದರಿಂದ ಯಾವಾಗಲೂ 25 ಎಂಬುದು ಒಂದು. ಗ್ರಾಹಕರು ಅಮೆರಿಕದವರಾದರೆ ಕಣ್ಣುಮುಚ್ಚಿ 30 ಎಂಬುದು ಇನ್ನೊಂದು. ಎರಡೂ ಅರ್ಧ ಸರಿ. ಎರಡನ್ನೂ ಕೆಡಿಸುವುದು ಒಂದೇ ಗೊಂದಲ: ಶೂಟಿಂಗ್ ನಡೆಯುವ ಜಾಗಕ್ಕೆ ಸೇರಿದ ಪ್ರಶ್ನೆಯನ್ನೂ ಚಿತ್ರ ಕೊನೆಗೆ ತಲುಪುವ ಜಾಗಕ್ಕೆ ಸೇರಿದ ಪ್ರಶ್ನೆಯನ್ನೂ ಒಂದೇ ಎಂದು ತಿಳಿಯುವುದು. ಫ್ರೇಮ್ ರೇಟನ್ನು ಚಿತ್ರ ತಲುಪುವ ಜಾಗ ನಿರ್ಧರಿಸಬೇಕು. ಶೂಟಿಂಗ್ ಸ್ಥಳದ ಕರೆಂಟು ನಿರ್ಧರಿಸಬೇಕಾದದ್ದು ಶಟರನ್ನು. ಈ ಎರಡನ್ನು ಬೇರ್ಪಡಿಸಿದರೆ ಉಳಿದ ತೊಡಕುಗಳು ಬಹುಮಟ್ಟಿಗೆ ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಮೊದಲು ಈ ಅಂಕಿಗಳು ಎಲ್ಲಿಂದ ಬಂದವು ಎಂಬುದನ್ನು ನೋಡಬೇಕು. ಮೂಕಿ ಚಿತ್ರಗಳ ಕಾಲದಲ್ಲಿ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ವೇಗ ಒಬ್ಬೊಬ್ಬರ ಕೈಗೆ ತಕ್ಕಂತೆ ಬದಲಾಗುತ್ತಿತ್ತು, ನೋಡುವ ಕಣ್ಣು ಅದನ್ನು ಸಹಿಸಿಕೊಳ್ಳುತ್ತಿತ್ತು. ಮಾತು ಬಂದ ಮೇಲೆ ಆ ಸಡಿಲಿಕೆಗೆ ಎಡೆಯಿಲ್ಲವಾಯಿತು. ವೇಗ ಸ್ವಲ್ಪ ಏರುಪೇರಾದರೂ ದನಿ ಎಳೆದಾಡುತ್ತದೆ, ಕಿವಿ ಅದನ್ನು ಕ್ಷಮಿಸುವುದಿಲ್ಲ. 1920ರ ದಶಕದ ಕೊನೆಯಲ್ಲಿ ಹಾಲಿವುಡ್ ಸೆಕೆಂಡಿಗೆ 24 ಫ್ರೇಮ್ ಎಂದು ನಿಗದಿ ಮಾಡಿಕೊಂಡಿತು. ಧ್ವನಿ ಚೆನ್ನಾಗಿ ಕೇಳಿಸುವಷ್ಟು ವೇಗ, ಫಿಲ್ಮಿನ ಖರ್ಚು ಕೈಮೀರದಷ್ಟು ಮಿತಿ, ಎರಡಕ್ಕೂ ಒಗ್ಗಿದ ಅಂಕಿ ಅದು. ಜಗತ್ತಿನ ಚಿತ್ರಮಂದಿರಗಳು ಅದನ್ನೇ ಒಪ್ಪಿಕೊಂಡವು. 1934ರ ‘ಸತಿ ಸುಲೋಚನ’ದಿಂದ ಮಾತನಾಡತೊಡಗಿದ ಕನ್ನಡ ಸಿನಿಮಾ ಕೂಡ ಈ 24ರ ಲೋಕದಲ್ಲೇ ಬೆಳೆಯಿತು. ಚಿತ್ರಮಂದಿರದ ಮಟ್ಟಿಗೆ ಪಾಲ್ ದೇಶ, ಎನ್‌ಟಿಎಸ್‌ಸಿ ದೇಶ ಎಂಬ ಭೇದ ಎಂದೂ ಇರಲಿಲ್ಲ. ಡಿಜಿಟಲ್ ಪ್ರೊಜೆಕ್ಟರ್ ಬಂದ ಮೇಲೂ ತೆರೆಯ ಮುಖ್ಯ ಅಂಕಿ 24 ಆಗಿಯೇ ಉಳಿದಿದೆ. 2012ರಲ್ಲಿ ‘ದಿ ಹಾಬಿಟ್’ 48 ಫ್ರೇಮಿನಲ್ಲಿ, 2019ರಲ್ಲಿ ‘ಜೆಮಿನಿ ಮ್ಯಾನ್’ 120 ಫ್ರೇಮಿನಲ್ಲಿ ಬಂದವು. ಆದರೆ ಆ ದಾರಿಯಲ್ಲಿ ಚಿತ್ರೋದ್ಯಮ ಮುಂದೆ ಹೋಗಲಿಲ್ಲ.

ಭೇದ ಹುಟ್ಟಿದ್ದು ಟಿವಿಯಿಂದ. ಆರಂಭದ ಟಿವಿಗಳಲ್ಲಿ ಮನೆಯ ಕರೆಂಟಿನ ಮಿಡಿತ ಪರದೆಯ ಮೇಲೆ ಪಟ್ಟೆಗಳಾಗಿ ಓಡಾಡುವ ಭಯವಿತ್ತು. ಹಾಗಾಗಿ ಚಿತ್ರದ ವೇಗವನ್ನು ಆಯಾ ದೇಶದ ಕರೆಂಟಿಗೆ ಹೊಂದಿಸಿದರು. 60 ಹರ್ಟ್ಸ್ ಕರೆಂಟಿನ ಅಮೆರಿಕ 1941ರಲ್ಲಿ ಸೆಕೆಂಡಿಗೆ 30 ಫ್ರೇಮ್ ಎಂದಿತು. 50 ಹರ್ಟ್ಸಿನ ಯುರೋಪು 25ನ್ನು ಹಿಡಿಯಿತು. 1953ರಲ್ಲಿ ಅಮೆರಿಕದ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿಗೆ ಬಣ್ಣ ಬಂದಾಗ, ಬಣ್ಣದ ಸಂಕೇತವೂ ಧ್ವನಿಯ ಸಂಕೇತವೂ ಒಂದಕ್ಕೊಂದು ತಾಗಿ ಚಿತ್ರದಲ್ಲಿ ಕಲೆ ಮೂಡದಿರಲೆಂದು ವೇಗವನ್ನು ಸಾವಿರದ ಒಂದು ಪಾಲಿನಷ್ಟು ತಗ್ಗಿಸಿದರು. 30 ಇದ್ದದ್ದು 29.97 ಆಯಿತು. ಅದರ ಜೊತೆ ಹೊಂದಿಕೊಳ್ಳಲು 24 ಮುಂದೆ 23.976 ಆಯಿತು, 60 ಇದ್ದದ್ದು 59.94 ಆಯಿತು. ದೆಹಲಿಯಲ್ಲಿ 1959ರಲ್ಲಿ ಟಿವಿ ಪ್ರಸಾರ ಶುರುಮಾಡಿದ ಭಾರತ 50 ಹರ್ಟ್ಸಿನ ದೇಶ. 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ಬಣ್ಣ ಬಂದಾಗ ಆರಿಸಿಕೊಂಡದ್ದು ಪಾಲ್ ಪದ್ಧತಿಯನ್ನು, ಅಂದರೆ 25ನ್ನು. ಇಂದಿನ ಡಿಜಿಟಲ್ ಟಿವಿಗೆ ಕರೆಂಟಿನ ಹಂಗಿಲ್ಲ, ಬಣ್ಣ ಮತ್ತು ಧ್ವನಿಯ ತಿಕ್ಕಾಟವೂ ಇಲ್ಲ. ಆದರೂ ದಶಕಗಳಿಂದ ಕೂಡಿಟ್ಟ ಕಾರ್ಯಕ್ರಮಗಳು, ಉಪಕರಣಗಳು, ಪ್ರಸಾರ ವ್ಯವಸ್ಥೆಗಳು ಈ ಅಂಕಿಗಳ ಮೇಲೇ ನಿಂತಿರುವುದರಿಂದ ಅವು ಉಳಿದುಕೊಂಡಿವೆ.

ಈ ಚರಿತ್ರೆಯಿಂದ ಲೋಕವನ್ನು 50ರ ದೇಶಗಳು, 60ರ ದೇಶಗಳು ಎಂದು ಸರಳವಾಗಿ ಎರಡು ಹೋಳು ಮಾಡಿಬಿಡಬಹುದು ಎನಿಸುತ್ತದೆ. ನಕಾಶೆ ಅಷ್ಟು ನೇರವಾಗಿಲ್ಲ. ಜಪಾನಿನ ಟೋಕಿಯೊದಲ್ಲಿ ಕರೆಂಟು 50 ಹರ್ಟ್ಸ್, ಒಸಾಕಾದಲ್ಲಿ 60. ಆದರೆ ಇಡೀ ದೇಶದ ಟಿವಿ ಅಮೆರಿಕದ ಲೆಕ್ಕದಲ್ಲೇ ನಡೆಯುತ್ತದೆ. ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ನಂಟಿರುವ ಕೊಲ್ಲಿಯಲ್ಲಿ ಯುಎಇಯ ಕರೆಂಟು 50 ಹರ್ಟ್ಸ್, ಪಕ್ಕದ ಸೌದಿ ಅರೇಬಿಯಾದ್ದು 60. ಹಾಗಿದ್ದೂ ಸೌದಿಯ ಟಿವಿ ಬೆಳೆದುಬಂದದ್ದು 25ರ ಲೆಕ್ಕದಲ್ಲಿ. ಅಂದರೆ ಒಂದೇ ದೇಶದೊಳಗೆ ಕರೆಂಟು ಒಂದು ಅಂಕಿ ಹೇಳಿದರೆ ಟಿವಿ ಇನ್ನೊಂದು ಹೇಳಬಹುದು. ಟೋಕಿಯೊದ ಛಾಯಾಗ್ರಾಹಕರು 50 ಹರ್ಟ್ಸ್ ದೀಪದ ಕೆಳಗೆ 29.97ರಲ್ಲಿ ದಶಕಗಳಿಂದ ಕೆಲಸ ಮಾಡುತ್ತಿದ್ದಾರೆ. ಬೆಳಕಿನ ಮಿಡಿತಕ್ಕೂ ಫ್ರೇಮ್ ರೇಟಿಗೂ ಬಿಡಿಸಲಾಗದ ಗಂಟಿದೆ ಎಂಬ ನಂಬಿಕೆ ತಪ್ಪೆನ್ನಲು ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ಈ ನಂಬಿಕೆಯ ಬೇರಿನಲ್ಲಿರುವುದು ದೀಪದ ಮಿನುಗು. 50 ಹರ್ಟ್ಸ್ ಕರೆಂಟಿನಲ್ಲಿ ಉರಿಯುವ ಟ್ಯೂಬ್‌ಲೈಟ್ ಅಥವಾ ಅಗ್ಗದ ಎಲ್ಇಡಿ ದೀಪ ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ನಮ್ಮ ಕಣ್ಣಿಗೆ ಅದು ಕಾಣುವುದಿಲ್ಲ, ಕ್ಯಾಮೆರಾಕ್ಕೆ ಕಾಣುತ್ತದೆ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅಮೆರಿಕದ ಗ್ರಾಹಕರಿಗಾಗಿ 30 ಫ್ರೇಮಿನಲ್ಲಿ ಚಿತ್ರೀಕರಣ ನಡೆದಿದೆ ಎಂದುಕೊಳ್ಳಿ. ರೂಢಿಯಂತೆ ಶಟರನ್ನು 1/60 ಸೆಕೆಂಡಿಗೆ ಇಟ್ಟರೆ, ಒಂದು ಫ್ರೇಮಿನ ಅವಧಿಯೊಳಗೆ ದೀಪದ ಒಂದು ಪೂರ್ತಿ ಮಿಡಿತವೂ ಇನ್ನೊಂದರ ಮುಕ್ಕಾಲಿಗೆ ತುಸು ಕಡಿಮೆ ಭಾಗವೂ ಸಿಗುತ್ತದೆ. ಮುಂದಿನ ಫ್ರೇಮಿಗೆ ಬೇರೆ ಭಾಗ, ಅದರ ಮುಂದಿನದಕ್ಕೆ ಮತ್ತೊಂದು ಭಾಗ. ಮೂರು ಫ್ರೇಮಿಗೊಮ್ಮೆ ಇದು ಮರುಕಳಿಸುತ್ತದೆ. ಪರಿಣಾಮವಾಗಿ ಲೇತ್ ಯಂತ್ರದ ಹಿಂದಿನ ಬಿಳಿಗೋಡೆಯ ಮೇಲೆ ಮಬ್ಬು ಪಟ್ಟೆಗಳು ಸೆಕೆಂಡಿಗೆ 10 ಸಲ ಅದುರುತ್ತವೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಇದು ಕಣ್ತಪ್ಪಿ ಹೋಗಿ, ಎಡಿಟಿಂಗ್ ಮೇಜಿನ ದೊಡ್ಡ ಪರದೆಯಲ್ಲಿ ಎದ್ದು ಕಾಣುವುದೂ ಉಂಟು. ಇಂಥ ಒಂದು ಅನುಭವವಾದವರು ಭಾರತದಲ್ಲಿ 25 ಬಿಟ್ಟರೆ ಬೇರೆ ದಾರಿಯಿಲ್ಲ ಎಂದು ತೀರ್ಮಾನಿಸುವುದು ಸಹಜ.

ಆದರೆ ಅಲ್ಲಿ ತಪ್ಪಿದ್ದು 30 ಅಲ್ಲ, 1/60. ಶಟರ್ ತೆರೆದಿರುವ ಅವಧಿಯಲ್ಲಿ ದೀಪದ ಪೂರ್ಣ ಮಿಡಿತಗಳಷ್ಟೇ ಸಿಗುವಂತಿದ್ದರೆ ಪ್ರತಿ ಫ್ರೇಮಿಗೂ ಸಮನಾದ ಬೆಳಕು ಬೀಳುತ್ತದೆ, ಫ್ರೇಮ್ ರೇಟ್ ಏನೇ ಇರಲಿ. ನಮ್ಮ ದೇಶದಲ್ಲಿ ಆ ಅವಧಿ 1/100 ಅಥವಾ 1/50 ಸೆಕೆಂಡ್. 60 ಹರ್ಟ್ಸಿನ ದೇಶದಲ್ಲಿ 1/120 ಅಥವಾ 1/60. ಅದೇ ಕಾರ್ಖಾನೆಯಲ್ಲಿ ಅದೇ 30 ಫ್ರೇಮನ್ನು 1/50ರಲ್ಲಿ ತೆಗೆದರೆ ಪ್ರತಿ ಫ್ರೇಮಿಗೆ ಸರಿಯಾಗಿ ಎರಡು ಮಿಡಿತ, 1/100ರಲ್ಲಿ ತೆಗೆದರೆ ಸರಿಯಾಗಿ ಒಂದು. ಪಟ್ಟೆ ಮಾಯ. ಶಟರ್ ಕೋನದ ಲೆಕ್ಕದಲ್ಲಿ 30 ಫ್ರೇಮಿಗೆ 1/50 ಎಂದರೆ 216 ಡಿಗ್ರಿ. ರೂಢಿಯ 180ಕ್ಕಿಂತ ಚಲನೆಯ ಮಸುಕು ತುಸು ಹೆಚ್ಚಾಗುತ್ತದೆ, ಅಷ್ಟೇ. 24 ಫ್ರೇಮಿಗೆ 1/50 ಎಂದರೆ 172.8 ಡಿಗ್ರಿ, 180ಕ್ಕೂ ಅದಕ್ಕೂ ಇರುವ ಅಂತರ ಯಾರ ಕಣ್ಣಿಗೂ ಬೀಳದು. ಹಾಗಾಗಿ ಸಿನಿಮಾದ 24ಕ್ಕೆ ನಮ್ಮ ದೀಪಗಳು ಅಡ್ಡಿಯೇ ಅಲ್ಲ. ಕೆಲವು ಎಲ್ಇಡಿ ದೀಪಗಳೂ ವೇದಿಕೆಯ ಎಲ್ಇಡಿ ಗೋಡೆಗಳೂ ಕರೆಂಟಿನ ಲೆಕ್ಕ ಬಿಟ್ಟು ತಮ್ಮದೇ ವೇಗದಲ್ಲಿ ಮಿನುಗುತ್ತವೆ. ಅಲ್ಲಿ ಶಟರನ್ನು ಸೂಕ್ಷ್ಮವಾಗಿ ಹೆಚ್ಚುಕಡಿಮೆ ಮಾಡಿ ಪರೀಕ್ಷೆ ತೆಗೆಯಲೇಬೇಕು. ಅಲ್ಲಿ ಕೂಡ ಪರಿಹಾರ ಇರುವುದು ಶಟರಿನಲ್ಲಿಯೇ.

ಇನ್ನು ಫ್ರೇಮ್ ರೇಟ್ ತಲುಪುವ ಜಾಗಕ್ಕೆ ಹೊಂದದಿದ್ದರೆ ಏನಾಗುತ್ತದೆ? ಇಳಕಲ್ಲಿನ ಕೈಮಗ್ಗದ ಒಂದು ದೃಶ್ಯ ತೆಗೆದುಕೊಳ್ಳಿ. ಲಾಳಿ ಎಡದಿಂದ ಬಲಕ್ಕೆ ಓಡುತ್ತದೆ, ಕ್ಯಾಮೆರಾ ನಿಧಾನವಾಗಿ ಸೆರಗಿನ ಮೇಲೆ ಸಾಗುತ್ತದೆ. ಇದನ್ನು 25ರಲ್ಲಿ ತೆಗೆದು ಅಮೆರಿಕದ 29.97ರ ಟೈಮ್‌ಲೈನಿಗೆ ಹಾಕಿದರೆ ಸೆಕೆಂಡಿಗೆ ಸುಮಾರು ಐದು ಫ್ರೇಮ್ ಸಾಲದಾಗುತ್ತವೆ. ಸಾಫ್ಟ್‌ವೇರ್ ಐದು ಫ್ರೇಮಿಗೊಮ್ಮೆ ಒಂದನ್ನು ಎರಡು ಸಲ ತೋರಿಸುತ್ತದೆ. ನಿರಾತಂಕವಾಗಿ ಸಾಗಬೇಕಿದ್ದ ನೋಟ ಸೆಕೆಂಡಿಗೆ ಐದು ಸಲ ತಡವರಿಸುತ್ತದೆ. 24ರಿಂದ 29.97ಕ್ಕೆ ಹೋಗುವಾಗಲೂ ಪುನರಾವರ್ತನೆ ಇದೆ. ಆದರೆ ಅದಕ್ಕೆ ಅಮೆರಿಕದ ಟಿವಿ ದಶಕಗಳ ಹಿಂದೆಯೇ ನಿಯತವಾದ ವಿಧಾನ ಕಂಡುಕೊಂಡಿದೆ. ಸಿನಿಮಾಗಳನ್ನು ಆ ವಿಧಾನದಲ್ಲೇ ನೋಡಿ ಅಲ್ಲಿನವರ ಕಣ್ಣೂ ಪಳಗಿದೆ. 25ಕ್ಕೆ ಅಂಥ ಅನುಕೂಲ ಅಲ್ಲಿಲ್ಲ. 25ನ್ನು 24 ಮಾಡಬೇಕಾದರೆ ಫ್ರೇಮ್ ಕೂಡಿಸುವ ಕಳೆಯುವ ಗೋಜಿಲ್ಲದೆ ಇಡೀ ಚಿತ್ರವನ್ನೇ ಶೇ. 4ರಷ್ಟು ನಿಧಾನ ಮಾಡಬಹುದು. ನೋಟಕ್ಕೆ ಅದು ಅತ್ಯುತ್ತಮ ದಾರಿ. ಆದರೆ ಧ್ವನಿಯೂ ನಿಧಾನವಾಗಿ ಶ್ರುತಿ ಇಳಿಯುತ್ತದೆ. ಇಳಿತ ಒಂದು ಸ್ವರಸ್ಥಾನದ ಸುಮಾರು ಶೇ. 70ರಷ್ಟು. ವೀಣಾ ಕಛೇರಿಗೆ ಇದು ಸಣ್ಣ ಮಾತಲ್ಲ. ಶ್ರುತಿಯನ್ನು ಸಾಫ್ಟ್‌ವೇರಿನಿಂದ ಸರಿಪಡಿಸಬಹುದು, ಕಾಲಾವಧಿಯನ್ನು ಸರಿಪಡಿಸಲಾಗದು. 30 ಸೆಕೆಂಡಿನ ಜಾಹೀರಾತಿನ 750 ಫ್ರೇಮುಗಳು 23.976ರಲ್ಲಿ 31.28 ಸೆಕೆಂಡ್ ಓಡುತ್ತವೆ. 30 ಸೆಕೆಂಡಿನ ಜಾಗಕ್ಕೆ ಅದು ಹಿಡಿಸುವುದಿಲ್ಲ, ಮತ್ತೆ ಕತ್ತರಿ ಹಾಕಲೇಬೇಕು.

ಸಣ್ಣದೆಂದು ಕಡೆಗಣಿಸುವ ಇನ್ನೊಂದು ಅಂತರ 24ಕ್ಕೂ 23.976ಕ್ಕೂ ಇರುವಂಥದ್ದು. ಎಷ್ಟೋ ಕ್ಯಾಮೆರಾಗಳ ಮೆನುವಿನಲ್ಲಿ 24 ಎಂದು ಬರೆದಿದ್ದರೂ ಒಳಗೆ ನಡೆಯುವುದು 23.976, 30 ಎಂದರೆ 29.97. ದೊಡ್ಡ ಸಿನಿಮಾ ಕ್ಯಾಮೆರಾಗಳಲ್ಲಿ ಎರಡೂ ಬೇರೆ ಬೇರೆಯಾಗಿಯೇ ಇರುತ್ತವೆ. ಒಂದು ಕ್ಯಾಮೆರಾ ನಿಜವಾದ 24ರಲ್ಲಿ, ಇನ್ನೊಂದು 23.976ರಲ್ಲಿ ಓಡಿದರೆ, ಎರಡನ್ನೂ ಫ್ರೇಮಿಗೆ ಫ್ರೇಮ್ ಜೋಡಿಸಿದಾಗ ಗಂಟೆಗೆ 3.6 ಸೆಕೆಂಡಿನ ಅಂತರ ಬೀಳುತ್ತದೆ. ಒಂದು ನಿಮಿಷದ ಸಂದರ್ಶನದಲ್ಲೇ ತುಟಿಗೂ ಮಾತಿಗೂ ಒಂದೂವರೆ ಫ್ರೇಮಿನಷ್ಟು ದೂರ; ಹತ್ತು ನಿಮಿಷಕ್ಕೆ ಅದು ಅರ್ಧ ಸೆಕೆಂಡನ್ನೂ ದಾಟುತ್ತದೆ. 29.97ರ ಟೈಮ್‌ಕೋಡಿನಲ್ಲಿ ಇದೇ 3.6 ಸೆಕೆಂಡನ್ನು ಸರಿದೂಗಿಸಲು, ಹತ್ತನೆಯದನ್ನು ಬಿಟ್ಟು ಪ್ರತಿ ನಿಮಿಷದ ಆರಂಭದಲ್ಲೂ ಎರಡು ಸಂಖ್ಯೆಗಳನ್ನು ಹಾರಿಸುವ ಡ್ರಾಪ್ ಫ್ರೇಮ್ ಪದ್ಧತಿ ಇದೆ. ಹಾರುವುದು ಸಂಖ್ಯೆ ಮಾತ್ರ, ಚಿತ್ರವಲ್ಲ. ಅಮೆರಿಕದ ವಾಹಿನಿಗೆ ಕಳಿಸುವ ಫೈಲಿನಲ್ಲಿ ಈ ಪದ್ಧತಿ ಇರಬೇಕೋ ಬೇಡವೋ ಎಂಬುದು ಪ್ರತ್ಯೇಕವಾಗಿ ಕೇಳಬೇಕಾದ ಪ್ರಶ್ನೆ. ಧ್ವನಿಯನ್ನು ಬೇರೆ ಯಂತ್ರದಲ್ಲಿ ದಾಖಲಿಸುವವರು ಆ ಯಂತ್ರದ ಟೈಮ್‌ಕೋಡನ್ನೂ ಕ್ಯಾಮೆರಾದ ಅಂಕಿಗೆ ಹೊಂದಿಸಿಕೊಂಡೇ ಹೊರಡಬೇಕು.

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದು ಹಳೆಯ ಕಾಲದ ಮಾತು, ಇಂದಿನ ಸಾಫ್ಟ್‌ವೇರ್ ಯಾವುದನ್ನು ಬೇಕಾದರೂ ಯಾವುದಕ್ಕೆ ಬೇಕಾದರೂ ಬದಲಿಸುತ್ತದೆ ಎಂಬುದು ಮೊದಲ ಆಕ್ಷೇಪ. ನಡುವಿನ ಚಲನೆಯನ್ನು ಊಹಿಸಿ ಹೊಸ ಫ್ರೇಮ್ ಸೃಷ್ಟಿಸುವ ತಂತ್ರ ಬಹಳ ಮುಂದುವರಿದಿದೆ, ನಿಜ. ಕುಳಿತು ಮಾತನಾಡುವ ವ್ಯಕ್ತಿಯ ಸಂದರ್ಶನಕ್ಕೆ ಅದು ಸಾಕಾಗಲೂಬಹುದು. ಆದರೆ ಆ ಊಹೆ ಸೋಲುವುದು ಒಂದು ವಸ್ತು ಇನ್ನೊಂದರ ಮುಂದೆ ಹಾದುಹೋಗುವಾಗ: ಮಗ್ಗದ ಎಳೆಗಳ ನಡುವೆ ಲಾಳಿ ತೂರುವಾಗ, ಯಕ್ಷಗಾನದ ವೇಷಧಾರಿ ಧೀಂಗಿಣ ಹಾಕುವಾಗ, ನೀರು ಚಿಮ್ಮುವಾಗ. ಅಂಚುಗಳು ಕರಗಿ ಕಲಸಿದಂತಾಗುತ್ತವೆ. ನಮ್ಮಲ್ಲಿಂದ ಹೊರದೇಶದವರು ಬಯಸುವುದು ಹೆಚ್ಚಾಗಿ ಇಂಥ ಚಲನೆ ತುಂಬಿದ ದೃಶ್ಯಗಳನ್ನೇ. ಇದಲ್ಲದೆ ದೊಡ್ಡ ವೇದಿಕೆಗಳೂ ಪರಿವರ್ತನೆಯನ್ನು ಬಯಸುವುದಿಲ್ಲ. ಚಿತ್ರ ಮೂಲದಲ್ಲಿ ಯಾವ ಫ್ರೇಮ್ ರೇಟಿನಲ್ಲಿತ್ತೋ ಅದರಲ್ಲೇ ಒಪ್ಪಿಸಬೇಕೆಂಬುದು ನೆಟ್‌ಫ್ಲಿಕ್ಸ್‌ನ ನಿಯಮ. ರೆಕಾರ್ಡ್ ಮಾಡಿದ ಫ್ರೇಮ್ ರೇಟಿನಲ್ಲೇ ಏರಿಸಿ ಎಂದು ಯೂಟ್ಯೂಬ್ ಕೂಡ ಹೇಳುತ್ತದೆ. ಪರಿವರ್ತನೆ ಅನಿವಾರ್ಯವಾದಾಗ ಬಳಸುವ ಮದ್ದೇ ಹೊರತು ಮೊದಲೇ ಹಾಕಿಕೊಳ್ಳುವ ಯೋಜನೆಯಲ್ಲ.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು. ಇಂದು ಬಹುಪಾಲು ಚಿತ್ರಗಳು ತಲುಪುವುದು ಅಂತರ್ಜಾಲವನ್ನು, ಅಲ್ಲಿ ಯಾವ ಫ್ರೇಮ್ ರೇಟ್ ಆದರೂ ಓಡುತ್ತದೆ, ಹಾಗಿದ್ದಮೇಲೆ ದೇಶದ ಪ್ರಶ್ನೆ ಎಲ್ಲಿ ಬಂತು ಎಂದು ಕೇಳುತ್ತಾರೆ. ಓಡುತ್ತದೆ ಎಂಬುದು ಸತ್ಯ. ಚಿತ್ರ ನೇರವಾಗಿ ಜಾಲತಾಣಕ್ಕಷ್ಟೇ ಹೋಗುವುದಾದರೆ, ಇಡೀ ಚಿತ್ರ ಒಂದೇ ಕೈಯಲ್ಲಿ ತಯಾರಾಗುವುದಾದರೆ, 25 ಆದರೂ 30 ಆದರೂ ಅಂಥ ನಷ್ಟವಿಲ್ಲ. 60 ಹರ್ಟ್ಸಿನ ಪರದೆಯಲ್ಲಿ 30 ಸಮವಾಗಿ ಕೂರುತ್ತದೆ. 24 ಮತ್ತು 25 ಎರಡೂ ತುಸು ತಡವರಿಸುತ್ತವೆ. ಆದರೆ ಹೊರದೇಶದ ಕೆಲಸ ಒಂದೇ ಕೈಯಲ್ಲಿ ಮುಗಿಯುವುದು ಕಡಿಮೆ. ನಾವು ಬೆಂಗಳೂರಿನಲ್ಲಿ ತೆಗೆದದ್ದು ಷಿಕಾಗೋದಲ್ಲೋ ಟೊರಾಂಟೋದಲ್ಲೋ ತೆಗೆದ ದೃಶ್ಯಗಳ ಪಕ್ಕದಲ್ಲಿ ಕೂರಬೇಕು. ಅಲ್ಲಿನ ಎಡಿಟರ್ ಟೈಮ್‌ಲೈನ್ 23.976 ಆಗಿದ್ದರೆ ನಮ್ಮ 25ರ ದೃಶ್ಯ ಮಾತ್ರ ಕುಂಟುತ್ತದೆ, ಆ ಕುಂಟು ನಮ್ಮ ತಂಡದ ಹೆಸರಿಗೆ ಅಂಟುತ್ತದೆ. ತಲುಪುವ ಜಾಗ ಎಂದರೆ ನೋಡುಗರ ಪರದೆ ಮಾತ್ರವಲ್ಲ, ಅದಕ್ಕೂ ಮೊದಲು ಎಡಿಟರ್ ಮೇಜು.

ಮೂರನೆಯದು ಜಾಣತನದ ಉಪಾಯದಂತೆ ಕಾಣುವ ಮಾತು: ಎಲ್ಲವನ್ನೂ 60ರಲ್ಲೋ 120ರಲ್ಲೋ ತೆಗೆದಿಟ್ಟುಕೊಂಡರೆ ಬೇಕಾದ್ದಕ್ಕೆ ಇಳಿಸಿಕೊಳ್ಳಬಹುದಲ್ಲ? 60ನ್ನು 24ರಿಂದ ಭಾಗಿಸಿದರೆ ಎರಡೂವರೆ ಬರುತ್ತದೆ, 25ರಿಂದ ಭಾಗಿಸಿದರೂ ಸರಿಸಮ ಬರದು. 120 ಮಾತ್ರ 24, 30, 60 ಮೂರಕ್ಕೂ ಸಮವಾಗಿ ಒಡೆಯುತ್ತದೆ. ಆದರೆ 120ರಲ್ಲಿ ಒಂದು ಫ್ರೇಮಿಗೆ ಸಿಗುವ ಗರಿಷ್ಠ ಅವಧಿಯೇ 1/120 ಸೆಕೆಂಡ್. ನಮ್ಮ ದೀಪದ ಒಂದು ಪೂರ್ತಿ ಮಿಡಿತಕ್ಕೆ 1/100 ಬೇಕು. ಅಂದರೆ ಟ್ಯೂಬ್‌ಲೈಟಿನ ಕೆಳಗೆ 120 ಎಂದರೆ ಮಿನುಗನ್ನು ಕೈಯಾರೆ ಕರೆದಂತೆ. ಜೊತೆಗೆ ಇಷ್ಟು ಚುಟುಕು ಶಟರಿನಿಂದ ತೆಗೆದ ಫ್ರೇಮುಗಳಲ್ಲಿ ಚಲನೆಯ ಮಸುಕು ಇರುವುದಿಲ್ಲ. 24ಕ್ಕೆ ಇಳಿಸಿದಾಗ ನಡಿಗೆ ಚೂರು ಚೂರಾಗಿ ಕಾಣುತ್ತದೆ. ಬೆಳಕು ಹೆಚ್ಚು ಬೇಕು, ಫೈಲುಗಳೂ ಉಬ್ಬುತ್ತವೆ. ಎತ್ತರದ ಫ್ರೇಮ್ ರೇಟಿಗೆ ನ್ಯಾಯವಾದ ಜಾಗ ಸ್ಲೋ ಮೋಷನ್. ಅಲ್ಲಿ ಫ್ರೇಮುಗಳನ್ನು ಬಿಡುವುದಿಲ್ಲ, ಹಿಗ್ಗಿಸಿ ಒಂದೊಂದನ್ನೂ ತೋರಿಸುತ್ತಾರೆ, ತುಟಿಗೆ ಹೊಂದಬೇಕಾದ ಮಾತೂ ಇರುವುದಿಲ್ಲ. ಹಾಗಾಗಿ ನಮ್ಮ ದೀಪದ ಕೆಳಗಿನ ಸ್ಲೋ ಮೋಷನ್‌ಗೆ, ಗ್ರಾಹಕರು ಅಮೆರಿಕದವರಾದರೂ, 50 ಅಥವಾ 100 ಫ್ರೇಮ್ ಹೆಚ್ಚು ಸುರಕ್ಷಿತ. ನಾನು ಹೇಳುತ್ತಿರುವ ನಿಯಮಕ್ಕೆ ಇದೊಂದು ನಿಜವಾದ ಅಪವಾದ. ಬಿಸಿಲಿನಲ್ಲಿ ಅದೂ ಬೇಕಿಲ್ಲ, ಸೂರ್ಯ ಮಿನುಗುವುದಿಲ್ಲ.

ಉಪಕರಣಗಳ ಅಡ್ಡಿಯೂ ಉಂಟು. ಕೆಲವು ಜನಪ್ರಿಯ ಕ್ಯಾಮೆರಾಗಳಲ್ಲಿ ಪಾಲ್ ಆಯ್ಕೆಯಲ್ಲಿದ್ದರೆ 25, 50, 100 ಮಾತ್ರ ಕಾಣುತ್ತವೆ. 24 ಮತ್ತು 30 ಬೇಕಾದರೆ ಎನ್‌ಟಿಎಸ್‌ಸಿಗೆ ಬದಲಿಸಬೇಕು, ಕೆಲವೊಮ್ಮೆ ಮೆಮೊರಿ ಕಾರ್ಡನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಬೇಕು. ಆದ್ದರಿಂದ ಈ ಬದಲಾವಣೆಯನ್ನು ಹಿಂದಿನ ದಿನವೇ ಮುಗಿಸಿರಬೇಕು; ಲೊಕೇಶನ್‌ನಲ್ಲಿ ಅರ್ಧ ತುಂಬಿದ ಕಾರ್ಡ್ ಹಿಡಿದು ಮಾಡುವ ಕೆಲಸ ಇದಲ್ಲ. ಮೊಬೈಲ್‌ಗಳು ಸಾಮಾನ್ಯವಾಗಿ 30ಕ್ಕೆ ನಿಂತಿರುತ್ತವೆ. ಬೆಳಕು ಕಡಿಮೆಯಾದಾಗ ತಾವಾಗಿ ವೇಗ ಬದಲಿಸುವುದೂ ಇದೆ. ಎರಡನೆಯ ಕ್ಯಾಮೆರಾ ಎಂದು ಮೊಬೈಲ್ ಬಳಸುವವರು ಫ್ರೇಮ್ ರೇಟನ್ನು ಸ್ಥಿರವಾಗಿಡುವ ಆ್ಯಪ್ ಬಳಸದಿದ್ದರೆ ಧ್ವನಿ ಜೋಡಣೆ ಕೈಕೊಡುತ್ತದೆ. ಡ್ರೋನ್ ಹಾರಿಸಲು ಬರುವವರಿಗೂ ಇದೇ ಅಂಕಿಯನ್ನು ಮೊದಲೇ ತಿಳಿಸಬೇಕು.

ಕೊನೆಯ ಆಕ್ಷೇಪ ಅನುಭವಸ್ಥರದ್ದು: ಗ್ರಾಹಕರಿಗೇ ಇದೆಲ್ಲ ಗೊತ್ತಿರುವುದಿಲ್ಲ, ಕೇಳಿ ಏನು ಪ್ರಯೋಜನ? ಕಂಪನಿಯ ಪ್ರಚಾರ ವಿಭಾಗದವರಿಗೆ ಗೊತ್ತಿಲ್ಲದಿರಬಹುದು, ಅವರ ಎಡಿಟರಿಗೆ ಖಂಡಿತ ಗೊತ್ತಿರುತ್ತದೆ. ಎಡಿಟರ್ ಯಾರೆಂದು ಕೇಳಿ ನೇರವಾಗಿ ಮಾತನಾಡುವುದು, ಟೈಮ್‌ಲೈನಿನ ಫ್ರೇಮ್ ರೇಟನ್ನು ದಶಾಂಶ ಸಮೇತ ಬರೆಸಿಕೊಳ್ಳುವುದು, ಈಗಾಗಲೇ ತೆಗೆದ ದೃಶ್ಯದ ಒಂದು ಸಣ್ಣ ಫೈಲ್ ತರಿಸಿಕೊಂಡು ಪರೀಕ್ಷಿಸುವುದು, ಇವೆಲ್ಲ ಒಂದು ಮೇಲ್‌ನಲ್ಲಿ ಮುಗಿಯುವ ಕೆಲಸ. ಎಷ್ಟು ಕೇಳಿದರೂ ಉತ್ತರ ಬಾರದಿದ್ದಾಗ ಮಾತ್ರ ಊಹೆಗೆ ಎಡೆ. ಬ್ರಿಟನ್, ಯುರೋಪು, ಆಸ್ಟ್ರೇಲಿಯಾ, ಕೊಲ್ಲಿಯ ದೇಶಗಳಿಗಾದರೆ 25. ಅಮೆರಿಕ, ಕೆನಡಾಗಳ ಕಥನರೂಪದ ಚಿತ್ರ, ಪ್ರಚಾರಚಿತ್ರ, ಸಾಕ್ಷ್ಯಚಿತ್ರಗಳಿಗೆ 23.976. ಅದೇ ದೇಶಗಳ ಸುದ್ದಿ, ಕ್ರೀಡೆ, ಸಮಾರಂಭಗಳಿಗೆ 29.97 ಅಥವಾ 59.94. ಹಲವು ದೇಶಗಳಿಗೆ ಒಟ್ಟಿಗೆ ಹೋಗುವ ಚಿತ್ರಕ್ಕೆ 23.976, ಅಲ್ಲಿಂದ 29.97ಕ್ಕೂ 25ಕ್ಕೂ ಬಹುಕಾಲದಿಂದ ಸವೆದ ದಾರಿಗಳಿವೆ. ಚಿತ್ರಮಂದಿರಕ್ಕಾದರೆ ನಿಜವಾದ 24. ಎಲ್ಲದರಲ್ಲೂ, ನಮ್ಮ ನೆಲದ ದೀಪದ ಕೆಳಗೆ, ಶಟರ್ 1/50 ಅಥವಾ 1/100; 59.94ಕ್ಕಾದರೆ 1/100 ಮಾತ್ರ.

ಫ್ರೇಮ್ ರೇಟ್ ಕ್ಯಾಮೆರಾಮನ್ನನ ಅಭಿರುಚಿಗೆ ಬಿಟ್ಟ ಸಂಗತಿಯಲ್ಲ, ದೇಶದ ಗುರುತೂ ಅಲ್ಲ. ಅದು ಚಿತ್ರ ತೆಗೆಯುವವರಿಗೂ ಅದನ್ನು ಮುಗಿಸುವವರಿಗೂ ನಡುವಿನ ಒಪ್ಪಂದ. ಬೆಳಕು, ಬಣ್ಣ, ಧ್ವನಿಯ ಎಷ್ಟೋ ಕೊರತೆಗಳನ್ನು ಆಮೇಲೆ ಸ್ವಲ್ಪವಾದರೂ ತುಂಬಿಕೊಳ್ಳಬಹುದು. ಕ್ಯಾಮೆರಾ ದಾಖಲಿಸದೆ ಬಿಟ್ಟ ಚಲನೆಯನ್ನು ಯಾರೂ ಮರಳಿ ತಂದುಕೊಡಲಾರರು. ನಮ್ಮ ಸಣ್ಣ ತಂಡಗಳು ಹೊರದೇಶದ ಕೆಲಸವನ್ನು ಹೆಚ್ಚು ಹೆಚ್ಚಾಗಿ ಪಡೆಯಬೇಕು, ಪಡೆದ ಕೆಲಸ ಮತ್ತೆ ಹುಡುಕಿಕೊಂಡು ಬರುವಂತಿರಬೇಕು ಎಂಬ ಆಸೆ ಇರುವವರು ದಿನಗೂಲಿ, ಪ್ರಯಾಣದ ಖರ್ಚು, ಮುಂಗಡದ ಮೊತ್ತಗಳ ಜೊತೆಗೆ ಕರಾರು ಪತ್ರದಲ್ಲಿ ಇನ್ನೊಂದು ಸಾಲು ಸೇರಿಸಿಕೊಳ್ಳಲಿ: ಒಪ್ಪಿಸಬೇಕಾದ ಫ್ರೇಮ್ ರೇಟ್, ದಶಾಂಶ ಸಮೇತ. ಆ ಸಾಲು ಖಾಲಿ ಇರುವವರೆಗೆ ಕ್ಯಾಮೆರಾ ಚೀಲದಿಂದ ಹೊರಗೆ ಬರಬಾರದು.